ಧೂಳ್ತ ಕೊಟ್ಟ ಕೋಚ್

ಶಿವರತ್ನಮ್ಮ ಹನೂರಿನ ಮೈದಾನಕ್ಕೆ ಮೊದಲ ಸಲ ಹೋದ ದಿನ ಅವಳ ಚಪ್ಪಲಿಯ ಪಕ್ಕಕ್ಕೆ ಒಂದು ಹಲ್ಲು ಬಂದು ಬಿತ್ತು. ಕಡಲೆಬೀಜವಿರಬೇಕೆಂದುಕೊಂಡಳು. ಬುಡದಲ್ಲಿ ರಕ್ತ ಕಂಡ ಮೇಲೆ ಮಡಿಲಲ್ಲಿದ್ದ ಮಗನ ಕಣ್ಣಿಗೆ ಸೆರಗು ಮುಚ್ಚಿದಳು. ಮಗುವಿಗೆ ಆಗಷ್ಟೇ ಮೊದಲ ಹಲ್ಲು ಮೂಡಿತ್ತು. ದಿನಕ್ಕೆ ಹತ್ತು ಸಲ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ಹಿಗ್ಗುತ್ತಿದ್ದವಳು ಈ ಹಲ್ಲಿನ ಪಕ್ಕದಿಂದ ಕಾಲನ್ನು ಹಿಂದಕ್ಕೆಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಬಾಯಿಂದ ಕೆಂಪು ಸುರಿಸಿಕೊಂಡು ಒಬ್ಬ ಆಟಗಾರ ಓಡಿಬಂದ. ಬಗ್ಗಿ ಹಲ್ಲನ್ನು ಹೆಕ್ಕಿ, ಚಡ್ಡಿಯ ಜೇಬಿಗೆ ಹಾಕಿಕೊಂಡು ಮತ್ತೆ ಆಟಕ್ಕೆ ಓಡಿದ. ಸುತ್ತಲಿನ ಜನ ಸೀಟಿ ಹೊಡೆದರು.

“ರೀ, ಇದೇನು ಫುಟ್‌ಬಾಲಾ?” ಅಂದಳು.

ಗಂಡ ಗುರುಪಾದಸ್ವಾಮಿ ಕತ್ತು ಚಾಚಿ ನೋಡುತ್ತಿದ್ದರು. ಅವರ ಕಣ್ಣೆಲ್ಲ ಆ ಹಲ್ಲು ಉದುರಿಸಿದವನ ಮೇಲಿತ್ತು. ಅವನು ಲೊಕ್ಕನಹಳ್ಳಿಯ ಚಿಕ್ಕಮಾದಪ್ಪ. ಟಿಂಬರ್ ಕಂತ್ರಾಟುದಾರ ಸದಾಶಿವಪ್ಪನವರ ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿಸುವವನು, ಸಂಜೆಯಾದರೆ ಅವರದೇ ತಂಡದ ಬ್ಯಾಕ್. ಗೋಲಿನ ಮುಂದೆ ಕಾಲಗಲಿಸಿ ನಿಂತು, ಮೊಣಕೈಗೆ ಅಂಟಿದ್ದ ಯಾರದೋ ರಕ್ತವನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತಿದ್ದ. ಮುಖದಲ್ಲಿ ಕೋಪವೇನೂ ಇರಲಿಲ್ಲ. ಅದನ್ನು ನೋಡಿಯೇ ಶಿವರತ್ನಮ್ಮನಿಗೆ ಇನ್ನಷ್ಟು ಹೆದರಿಕೆಯಾಯಿತು. ಮುಂದಿನ ಸೋಮವಾರದಿಂದ ಅವನು, ಅವನ ತಂಡ, ಎಲ್ಲ ತನ್ನ ಗಂಡನ ಕೈಕೆಳಗೆ.

ಗುರುಪಾದಸ್ವಾಮಿ ಮಾಂಬಳ್ಳಿಯ ಗದ್ದೆವಂತರ ಮನೆಯವರು. ಕೊಳ್ಳೇಗಾಲದ ಕಾಲೇಜಿನಲ್ಲಿ ಆಟದ ಮೇಷ್ಟ್ರು. ಕೊಳ್ಳೇಗಾಲ ಐವತ್ತಾರರವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಕಡೆಯಿಂದ ಬಂದ ಫುಟ್‌ಬಾಲು ಜಿಲ್ಲೆ ಬದಲಾದ ಮೇಲೂ ಊರಲ್ಲಿ ಉಳಿದುಕೊಂಡಿತು. ಅದನ್ನು ಆಡುತ್ತಿದ್ದವರು ಬಹುಪಾಲು ರೇಷ್ಮೆ ನೇಯುವ ಮನೆಗಳ ಹುಡುಗರು. ಅವರ ಕಾಲನ್ನು ಮೊದಲು ಗುರುತಿಸಿದವರು ಇವರೇ. ಮಗ್ಗದ ಕೆಳಗಿನ ನೆಲದ ಗುಂಡಿಗೆ ಕಾಲಿಳಿಬಿಟ್ಟು, ಎಡದ ಹಲಗೆ ಬಲದ ಹಲಗೆ ತುಳಿಯುತ್ತ ಬೆಳೆದ ಹುಡುಗರಿಗೆ ಎರಡು ಕಾಲೂ ಒಂದೇ ಸಮ. ಎಡಗಾಲಿನವನು ಬಲಗಾಲಿನವನು ಎಂಬ ಮಾತೇ ಇಲ್ಲ. ಗುರುಪಾದಸ್ವಾಮಿ ಅವರಿಗೆ ಲಾಳಿ ಓಡಿಸುವ ಹಾಗೆ ಚೆಂಡು ಓಡಿಸುವುದನ್ನು ಕಲಿಸಿದರು. ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ, ನಡುವೆ ಎಲ್ಲೂ ನಿಲ್ಲದೆ. ಮೈಸೂರಿನ ದೊಡ್ಡ ದೊಡ್ಡ ಕಾಲೇಜುಗಳು ಈ ಸಣ್ಣ ಊರಿನ ಕಾಲೇಜಿಗೆ ಮೇಲಿಂದ ಮೇಲೆ ಸೋತವು. ಕಪ್ಪು ಇಡಲು ಪ್ರಿನ್ಸಿಪಾಲರ ಕೋಣೆಯಲ್ಲಿ ಹೊಸ ಬೀರು ಬಂತು. ಮೇಷ್ಟ್ರು ಮಾತು ಎತ್ತರಿಸುವವರಲ್ಲ, ಆದರೂ ಅವರು “ಸಾಕು” ಅಂದರೆ ಹುಡುಗರು ಎತ್ತಿದ ಕಾಲು ಅಲ್ಲೇ ಇಳಿಸುತ್ತಿದ್ದರು.

ಆ ದಿನಗಳಲ್ಲಿ ಸುತ್ತಿನ ಸಾಹುಕಾರರು ಸೇರಿ ಒಂದು ಲೀಗ್ ನಡೆಸುತ್ತಿದ್ದರು. ಕೊಳ್ಳೇಗಾಲದ ರೇಷ್ಮೆ ವರ್ತಕರದೊಂದು ತಂಡ, ಯಳಂದೂರಿನ ರೈಸ್‌ಮಿಲ್ಲಿನವರದೊಂದು, ಹನೂರಿನ ಸದಾಶಿವಪ್ಪನವರದೊಂದು, ಪಾಲಾರಿನ ಆಚೆಯ ತಮಿಳು ಸೀಮೆಯಿಂದ ಬರುತ್ತಿದ್ದದ್ದು ಇನ್ನೊಂದು. ಆಟಗಾರರಿಗೆ ತಿಂಗಳ ಸಂಬಳ. ಮೈದಾನದ ಸುತ್ತ ಬಿದಿರು ತಟ್ಟಿ ಕಟ್ಟಿ ಟಿಕೆಟ್ ಮಾರುತ್ತಿದ್ದರು. ಜನ ಅದನ್ನು ಟಿಕೆಟ್ ಲೀಗ್ ಅನ್ನುತ್ತಿದ್ದರು. ಟಿಕೆಟ್ ತೆಗೆದುಕೊಂಡವರಿಗೆ ಗೋಲಿನಷ್ಟೇ ರಕ್ತವೂ ಬೇಕಿತ್ತು.

ಅರುವತ್ತೇಳರಲ್ಲಿ ಸದಾಶಿವಪ್ಪ ಜೀಪಿನಲ್ಲಿ ಮನೆಗೇ ಬಂದರು. ಸಂಬಳದ ಮಾತನ್ನು ಗುರುಪಾದಸ್ವಾಮಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಡುವ ಹೊತ್ತಿಗೆ ಸದಾಶಿವಪ್ಪ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟು, “ಹೈಕಳ ಗೆಲ್ಸುದ್ದಾಯ್ತು ಮೇಷ್ಟ್ರೇ. ಗಂಡಸರ ಗೆಲ್ಸಿ, ನೋಡವ” ಅಂದರು. ಆ ಮಾತು ಮೇಷ್ಟ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವರು ಕಾಲೇಜಿಗೆ ಒಂದು ವರ್ಷ ರಜೆ ಹಾಕಿದರು.

ಶಿವರತ್ನಮ್ಮ ಮೈಸೂರಿನಲ್ಲಿ ಓದಿದವಳು. ಹನೂರೆಂದರೆ ಅವಳಿಗೆ ಮಲೇರಿಯಾ, ರಸ್ತೆಗೆ ಅಡ್ಡ ನಿಲ್ಲುವ ಆನೆ, ಕಾಯಿಸಿದರೂ ನಂಬಲಾಗದ ಹಾಲು. ಸಾಮಿಲ್ಲಿನ ಹಿಂದೆ ಎರಡು ಕೋಣೆಯ ಮನೆ ಕೊಟ್ಟರು. ಗರಗಸ ಮರದೊಳಗಿನ ಮೊಳೆಗೆ ತಗಲಿ ಕಿರುಚಿದಾಗಲೆಲ್ಲ ಮಗು ಬೆಚ್ಚಿಬೀಳುತ್ತಿತ್ತು. ಅವಳು ಓಡಿ ಹೋಗಿ ತೊಟ್ಟಿಲ ಮೇಲೆ ಕಟ್ಟಿದ್ದ ಕೆಂಪು ಬಟ್ಟೆಯ ಗಂಟು ಬಿಚ್ಚಿ, ಚಿಟಿಕೆ ಧೂಳ್ತ ತೆಗೆದು ಹಣೆಗೆ ಬಳಿಯುತ್ತಿದ್ದಳು. ಮಾದಪ್ಪನ ಬೆಟ್ಟಕ್ಕೆ ಮಗುವಿನ ಮುಡಿ ಕೊಡಲು ಹೋದಾಗ ತಂದ ಬೂದಿ ಅದು. ಕಾಲೇಜು ಮೆಟ್ಟಿಲು ಹತ್ತಿದವಳು ಇದನ್ನೆಲ್ಲ ನಂಬುತ್ತೀಯಾ ಎಂದು ತವರಿನವರು ಕೇಳಿದ್ದರು. ಮಗುವಿಗೆ ಜ್ವರ ಬಂದ ರಾತ್ರಿ ಯಾವ ಮೆಟ್ಟಿಲೂ ನೆನಪಿಗೆ ಬರುವುದಿಲ್ಲ ಎಂದಿದ್ದಳು.

ಗುರುಪಾದಸ್ವಾಮಿ ತಮ್ಮ ಜೊತೆ ಒಬ್ಬ ಹಳೆಯ ಶಿಷ್ಯನನ್ನೂ ಕರೆತಂದಿದ್ದರು. ವೆಂಕಟಸ್ವಾಮಿ, ಫಾರ್ವರ್ಡ್. ಕಪ್ಪುಗಳಲ್ಲಿ ಅರ್ಧದಷ್ಟು ಅವನ ಕಾಲಿನಿಂದಲೇ ಬಂದದ್ದು. ತಂದೆಯಿಲ್ಲದ ಮನೆ, ಒಂದೇ ಮಗ್ಗ. ಹೊರಡುವ ಮುಂಚೆ ಅವನ ತಾಯಿ ವಸಂತಮ್ಮ ಬಂದು ಶಿವರತ್ನಮ್ಮನ ಕೈ ಹಿಡಿದುಕೊಂಡಿದ್ದರು. “ಕಾಲೊಂದು ನೋಡ್ಕಳಿ ಅಮ್ಮಣ್ಣಿ. ಗುಂಡಿಗೆ ಇಳ್ಯಾದೂ ಅದೇ ಕಾಲು ಕನ.” ಶಿವರತ್ನಮ್ಮ ಹಿಂದೆಮುಂದೆ ನೋಡದೆ ಮಾತು ಕೊಟ್ಟಿದ್ದಳು. ನಮ್ಮ ಮಗನ ಹಾಗೆ ನೋಡಿಕೊಳ್ಳುತ್ತೇವೆ ಎಂದಿದ್ದಳು.

ಮೊದಲ ದಿನದ ಪ್ರಾಕ್ಟೀಸಿನಲ್ಲೇ ಚಿಕ್ಕಮಾದಪ್ಪ ವೆಂಕಟಸ್ವಾಮಿಯನ್ನು ಎತ್ತಿ ಕೆಡವಿದ. ಹುಡುಗ ಉಸಿರು ಸಿಕ್ಕದೆ ಮಣ್ಣು ಕೆರೆಯುತ್ತಿದ್ದ. ಮೇಷ್ಟ್ರು ಹತ್ತಿರ ಹೋಗಿ, ಚೆಂಡು ಎಲ್ಲಿತ್ತು ಎಂದು ಕೇಳಿದರು.

“ಗೊತ್ತಿಲ್ಲ ಸಾ. ಕಾಲು ಇಲ್ಲಿತ್ತು.”

ತಂಡದವರೆಲ್ಲ ನಕ್ಕರು. ಅವನು ತಮಾಷೆಗೆ ಹೇಳಿರಲಿಲ್ಲ.

ಗುರುಪಾದಸ್ವಾಮಿ ಎಲ್ಲ ಪ್ರಯತ್ನಪಟ್ಟರು. ಓಡಿಸಿದರು, ಹೊರಗೆ ಕೂರಿಸಿದರು, ಬುದ್ಧಿ ಹೇಳಿದರು. ಹೊರಗೆ ಕೂರಿಸಿದರೆ ಸದಾಶಿವಪ್ಪ ಬಂದು ಒಳಗೆ ಕಳಿಸುತ್ತಿದ್ದರು. ಬುದ್ಧಿ ಹೇಳಿದರೆ ಅವನು “ಊ ಸಾ” ಎಂದು ತಲೆದೂಗಿ, ಮರುಗಳಿಗೆ ಇನ್ನೊಬ್ಬನ ಪಕ್ಕೆಗೆ ಮಂಡಿ ಇಡುತ್ತಿದ್ದ. ಅವನಿಗೆ ಕಲಿಸಿದ್ದೇ ಅಷ್ಟು. ಹಿಂದಿನ ವರ್ಷ ಅವನಿಂದ ಕಾಲು ಮುರಿಸಿಕೊಂಡವರ ಹೆಸರನ್ನು ಹನೂರಿನ ಟೀ ಅಂಗಡಿಯಲ್ಲಿ ಹಾಡಿನಂತೆ ಹೇಳುತ್ತಿದ್ದರು.

ಒಂದು ಸಂಜೆ ಮೇಷ್ಟ್ರು ಊಟಕ್ಕೆ ಕೂತು ಅನ್ನ ಕಲಸುವುದನ್ನೇ ಮರೆತರು. ಶಿವರತ್ನಮ್ಮ ಸಾರಿನ ಸೌಟು ಕೆಳಗಿಟ್ಟು ಹೇಳಿದಳು. “ಇವರಿಗೆ ನೀವೂ ಲೆಕ್ಕಕ್ಕಿಲ್ಲ, ಸದಾಶಿವಪ್ಪನವರೂ ಇಲ್ಲ. ಮಾದಪ್ಪ ಅಂದರೆ ಮಾತ್ರ ಹೆದರ್ತಾರೆ. ಧೂಳ್ತ ಮುಟ್ಟಿಸಿ ಆಣೆ ಹಾಕಿಸಿ.” ಹೇಳಿ ಎದ್ದು, ತೊಟ್ಟಿಲ ಮೇಲಿನ ಗಂಟನ್ನೇ ತಂದು ಅವರ ಎಲೆಯ ಪಕ್ಕದಲ್ಲಿಟ್ಟಳು.

ಮರುದಿನ ಮೈದಾನದಂಚಿನ ಹುಣಸೆಮರದ ಕೆಳಗೆ ತಂಡ ಬರಿಗಾಲಲ್ಲಿ ನಿಂತಿತು. ಎಲ್ಲರೂ ಕೈಯೊಡ್ಡಿದರು. ಹೊರಗಿಂದ ಬಂದ ಆಟಗಾರರು ಮರ್ಯಾದೆಗೆಂದು ತೆಗೆದುಕೊಂಡರು. ಚಿಕ್ಕಮಾದಪ್ಪ ಮಾತ್ರ ಹಿಂದಕ್ಕೆ ಸರಿದ. ಶಿವರತ್ನಮ್ಮ ಮಗುವನ್ನು ಎತ್ತಿಕೊಂಡು ದೂರ ಕೂತು ನೋಡುತ್ತಿದ್ದಳು. ಅವನು ಅಂಗೈಯನ್ನು ಚಡ್ಡಿಗೆ ಎರಡೆರಡು ಸಲ ಒರೆಸಿಕೊಂಡ.

“ಬುಡಾರು ಯಾರು ಅಂತ ಮೊದ್ಲು ಏಳ್ಬುಡಿ ಸಾ,” ಅಂದ. “ಅದ ಏಳ್ದೆ ಕೊಟ್ರೆ ಸಾಯಗಂಟ ಬುಡಂಗಿಲ್ಲ.”

ಆ ಸೀಮೆಯ ಕಟ್ಟು ಅದು. ಧೂಳ್ತ ಹಿಡಿದು ಕೊಟ್ಟ ಮಾತನ್ನು ಕೊಟ್ಟವನು ತಾನಾಗಿ ಬಿಡುವಂತಿಲ್ಲ. ಕೈಗೆ ಬೂದಿ ಹಾಕಿದವರು ಮಾದಪ್ಪನ ಹೆಸರು ಹೇಳಿ ಬಿಡಿಸಬೇಕು.

“ನಾನೇ,” ಅಂದರು ಮೇಷ್ಟ್ರು. “ಬಿಡಿಸೋದಾದರೆ ನಾನೇ ಬಿಡಿಸಬೇಕು. ನಾನು ಬಿಡಿಸಲ್ಲ.”

ಅವನು ಬೂದಿಯನ್ನು ಮುಷ್ಟಿಯಲ್ಲಿ ಹಿಡಿದು, ಬಯಲಲ್ಲಿ ಎದುರಿನವನ ಮೈಮೇಲೆ ಕೈಕಾಲು ಎತ್ತುವುದಿಲ್ಲ ಎಂದು ಹೇಳಿದ. ಉಳಿದ ಬೂದಿಯನ್ನು ನಾಲಿಗೆಗೆ ಹಾಕಿಕೊಂಡ. ಮಗು ಅದನ್ನು ನೋಡಿ ತನಗೂ ಬೇಕೆಂದು ಕೈಚಾಚಿತು. ಅಂದು ಶಿವರತ್ನಮ್ಮ ಎಷ್ಟೋ ದಿನದ ಮೇಲೆ ನಿಶ್ಚಿಂತೆಯಾಗಿ ಮಲಗಿದಳು.

ಮೊದಲ ಪಂದ್ಯಗಳಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಚಿಕ್ಕಮಾದಪ್ಪನನ್ನು ಕಂಡ ಕೂಡಲೇ ಎದುರಿನವರು ಹಳೆಯ ಹೆದರಿಕೆಯಲ್ಲಿ ತಾವೇ ಪಕ್ಕಕ್ಕೆ ಸರಿಯುತ್ತಿದ್ದರು. ಅವನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಡುವುದನ್ನು ಕಲಿತಿದ್ದ. ಚೆಂಡು ಲಾಳಿಯಂತೆ ಓಡಾಡಿತು. ವೆಂಕಟಸ್ವಾಮಿ ಗೋಲಿನ ಮೇಲೆ ಗೋಲು ಹೊಡೆದ. ಗುರುಪಾದಸ್ವಾಮಿ ಮನೆಗೆ ಬಂದು ಮಗುವನ್ನು ಗಾಳಿಗೆ ತೂರಿ ಹಿಡಿಯುತ್ತಿದ್ದರು. ಅವಳು ಬೇಡ ಬೇಡ ಎಂದರೂ ಕೇಳುತ್ತಿರಲಿಲ್ಲ.

ಹನೂರಿನವರ ಕೈ ಕಟ್ಟಿದೆ ಎಂಬ ಸುದ್ದಿ ಆಮೇಲೆ ಬಸ್ಸು ಹತ್ತಿತು. ಯಾರು ಹೇಳಿದರೋ, ಕೊಳ್ಳೇಗಾಲದ ಹೋಟೆಲುಗಳಲ್ಲಿ ಅದೇ ಮಾತಾಯಿತು. ಮುಂದಿನ ಪಂದ್ಯದಲ್ಲಿ ವರ್ತಕರ ತಂಡದವನೊಬ್ಬ ಪರೀಕ್ಷೆಗೆಂದೇ ಚಿಕ್ಕಮಾದಪ್ಪನ ಮುಖಕ್ಕೆ ಉಗುಳಿದ. ಅವನು ಒರೆಸಿಕೊಂಡ. ಇನ್ನೊಬ್ಬ ಬಂದು ಮೊಣಕಾಲ ಚಿಪ್ಪಿಗೆ ಒದ್ದ. ಅವನು ಕುಂಟಿಕೊಂಡು ತನ್ನ ಜಾಗಕ್ಕೆ ಹೋದ. ಅಲ್ಲಿಂದ ಮುಂದೆ ಯಾರಿಗೂ ಅಂಕೆಯಿರಲಿಲ್ಲ. ಹನೂರಿನ ಹುಡುಗರ ತುಟಿ ಸೀಳಿತು, ಬೆರಳು ಮುರಿಯಿತು, ಒಬ್ಬನ ಕಿವಿಯ ಹಾಲೆಯೇ ಹರಿದು ನೇತಾಡಿತು. ಸಾಹುಕಾರರ ಕೈಯಲ್ಲಿ ಸಂಬಳ ತಿನ್ನುವ ರೆಫ್ರಿಗೆ ಸೀಟಿ ಬಾಯಲ್ಲಿದ್ದರೂ ಉಸಿರು ಇರುತ್ತಿರಲಿಲ್ಲ. ವೆಂಕಟಸ್ವಾಮಿ ಸಂಜೆ ಅವರ ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದ. ಮೀನಖಂಡ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಶಿವರತ್ನಮ್ಮ ನೀರು ಬದಲಿಸುತ್ತ, ಮನೆಗೆ ಹೋಗಿಬಿಡಪ್ಪ ಎಂದು ಅವನಿಗೆ, ಕಳಿಸಿಬಿಡಿ ಎಂದು ಗಂಡನಿಗೆ ಮತ್ತೆ ಮತ್ತೆ ಹೇಳಿದಳು. ಮೇಷ್ಟ್ರು ಗೆದ್ದರೆ ಎಲ್ಲ ತಾನಾಗಿ ನಿಲ್ಲುತ್ತದೆ ಅನ್ನುತ್ತಿದ್ದರು. ಹುಡುಗನೂ ಅವರ ಮುಖ ನೋಡಿ, ಏನೂ ಆಗಲ್ಲ ಬುಡಿ ಅಮ್ಮಾ ಎಂದು ನಗುತ್ತಿದ್ದ.

ಸದಾಶಿವಪ್ಪ ಮೇಷ್ಟ್ರನ್ನು ಸಾಮಿಲ್ಲಿಗೇ ಕರೆಸಿಕೊಂಡು ಗದರಿದರು. ದಿಮ್ಮಿ ಎತ್ತುವ ಆನೆಗೆ ಬಾಳೆನಾರು ಕಟ್ಟಿ ಕೂರಿಸಿದ್ದೀರಿ, ಬಿಚ್ಚಿ ಎಂದರು. ಮೇಷ್ಟ್ರು ಬಿಚ್ಚುವುದಿಲ್ಲ ಎಂದು ಎದ್ದು ಬಂದರು. ಬೇರೆ ದಾರಿ ಅವರಿಗೆ ಹೊಳೆಯಲಿಲ್ಲ. ಅವರ ಇಡೀ ಬದುಕು ಮಾತಿಗೆ ನಿಲ್ಲುವ ಹುಡುಗರ ಮೇಲೆ ಕಟ್ಟಿದ್ದಾಗಿತ್ತು.

ಯಳಂದೂರಿನ ರೈಸ್‌ಮಿಲ್ ತಂಡ ಹನೂರಿಗೆ ಬಂದದ್ದು ಒಂದು ಭಾನುವಾರ. ಅವರ ಬ್ಯಾಕ್ ಹೊನ್ನಯ್ಯ, ಮೂಟೆ ಹೊರುವ ಆಳು. ತೋಳು ಚಿಕ್ಕಮಾದಪ್ಪನಷ್ಟೇ ದಪ್ಪ, ಬಾಯಿ ಅವನಿಗಿಂತ ದೊಡ್ಡದು. ಆಟ ಶುರುವಾಗುವ ಮೊದಲೇ ಬಂದು ಚಿಕ್ಕಮಾದಪ್ಪನ ಕೆನ್ನೆ ತಟ್ಟಿ, “ಏನ್ಲಾ, ಬಳೆ ತೊಡಸವ್ರಂತೆ ನಿನ್ಗೆ, ಎಲ್ಲಿ ತೋರ್ಸ್ಲಾ” ಎಂದ. ಬಿದಿರು ತಟ್ಟಿಯ ಸುತ್ತ ನಗೆ ಎದ್ದಿತು. ಶಿವರತ್ನಮ್ಮ ಆ ದಿನ ಮನೆಯಲ್ಲಿರಲಾರದೆ ಬಂದಿದ್ದಳು. ಕಣ್ಣೆದುರಿಗಿದ್ದರೆ ವೆಂಕಟಸ್ವಾಮಿಯ ಕಾಲಿಗೆ ಏನೂ ಆಗುವುದಿಲ್ಲ ಎಂಬ ಒಂದು ಹುಚ್ಚು ಲೆಕ್ಕ ಅವಳದು.

ಅರ್ಧ ಆಟದೊಳಗೆ ಹೊನ್ನಯ್ಯ ಮೂವರನ್ನು ಹೊರಗೆ ಹೊರಿಸಿದ. ನಾಲ್ಕನೆಯವನು ಚಿಕ್ಕಮಾದಪ್ಪನೇ. ತಲೆಗೆ ತಲೆ ಕೊಟ್ಟ ಏಟಿಗೆ ಹುಬ್ಬು ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಆದರೂ ಹೊರಗೆ ಹೋಗಲಿಲ್ಲ. ಹಾಫ್ ಟೈಮಿನ ಸೀಟಿಗೆ ಸೀದಾ ಮೇಷ್ಟ್ರ ಹತ್ತಿರ ಬಂದ. ಶಿವರತ್ನಮ್ಮ ಕೂತಿದ್ದ ಬೆಂಚಿನ ಮುಂದೆಯೇ ನಿಂತ. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಬೆರಳುಗಳು ಒಂದನ್ನೊಂದು ಹಿಂಡಿ ಬೆಳ್ಳಗಾಗಿದ್ದವು.

“ಸಾ, ಬುಡಿ ಸಾ ಮಾತ. ಅವ ಎಂಕ್ಟಸಾಮಿ ಕಾಲ್ಗೇ ಬಂದಿರಾದು. ನಾ ಕಂಡಿವ್ನಿ.”

ಗುರುಪಾದಸ್ವಾಮಿ ಆಗಲ್ಲ ಅಂದರು. ಇವತ್ತು ಬಿಟ್ಟರೆ ಇಷ್ಟು ದಿನ ತಿಂದ ಏಟೆಲ್ಲ ಸುಳ್ಳಾಗುತ್ತದೆ ಅಂದರು. ಚಿಕ್ಕಮಾದಪ್ಪ ಅವರ ಮುಖವನ್ನೇ ಒಂದೇ ಕಣ್ಣಲ್ಲಿ ನೋಡಿ, ತಲೆದೂಗಿ ವಾಪಸ್ಸು ಹೋದ. ವೆಂಕಟಸ್ವಾಮಿಯನ್ನಾದರೂ ಹೊರಗೆ ಕರೆಯಿರಿ ಎಂದು ಶಿವರತ್ನಮ್ಮ ಗಂಡನ ಅಂಗಿ ಹಿಡಿದೆಳೆದಳು. ಹೊರಗೆ ಹೋದವರ ಜಾಗಕ್ಕೇ ಆಳಿಲ್ಲವೆಂದು ಅವರು ಕೈ ಬಿಡಿಸಿಕೊಂಡರು.

ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ಎಡ ಅಂಚಿನಿಂದ ಬಂತು. ವೆಂಕಟಸ್ವಾಮಿ ಅದನ್ನು ಬಲಗಾಲಿಂದ ತಡೆದು ಎಡಗಾಲಿಗೆ ಕೊಟ್ಟು, ಹೊನ್ನಯ್ಯನನ್ನು ದಾಟಿದ. ದಾಟಿದವನನ್ನು ಹೊನ್ನಯ್ಯ ಹಿಂದಿನಿಂದ ಅಂಗಿ ಹಿಡಿದು ಕೆಡವಿದ. ಚೆಂಡು ಉರುಳಿ ದೂರ ಹೋಗಿತ್ತು. ಹುಡುಗ ಏಳಲೆಂದು ಅಂಗೈ ಊರಿದ. ಹೊನ್ನಯ್ಯ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಓಡಿಬಂದು, ಬೂಟುಗಾಲಿನಲ್ಲಿ ಅವನ ಎಡಗಾಲಿನ ಮೇಲೆ ನೆಗೆದ.

ಒಣಗಿದ ಬಿದಿರು ಮುರಿದಂಥ ಸದ್ದು. ಶಿವರತ್ನಮ್ಮ ಮೊದಲು ತಟ್ಟಿಯ ಕಡೆಗೇ ತಿರುಗಿದಳು, ಯಾರೋ ಗಳು ಮುರಿದರೆಂದು. ತಿರುಗಿ ನೋಡಿದಾಗ ವೆಂಕಟಸ್ವಾಮಿಯ ಪಾದ ಇರಬಾರದ ಕಡೆಗೆ ಮುಖ ಮಾಡಿತ್ತು. ಮೊಣಕಾಲಿನ ಕೆಳಗೆ ಚರ್ಮ ಸೀಳಿಕೊಂಡು ಬೆಳ್ಳಗಿನದೊಂದು ಹೊರಗೆ ಬಂದಿತ್ತು. ಹುಡುಗ ಕೂಗಲಿಲ್ಲ. ಕೂತು, ಎರಡೂ ಕೈಯಿಂದ ತನ್ನ ಪಾದ ಹಿಡಿದು ನೆಟ್ಟಗೆ ತಿರುಗಿಸಲು ನೋಡುತ್ತಿದ್ದ.

ಗುರುಪಾದಸ್ವಾಮಿ ಓಡಿಹೋಗಿ ಅವನ ಪಕ್ಕ ಮಂಡಿಯೂರಿದರು. ಚಿಕ್ಕಮಾದಪ್ಪ ಅಲ್ಲೇ ನಿಂತಿದ್ದ. ಕಟ್ಟಿದ ಕೈ ಬಿಚ್ಚದೆ, ಮೇಷ್ಟ್ರನ್ನೇ ನೋಡುತ್ತ. ಹೊನ್ನಯ್ಯ ಅತ್ತ ಜನರ ಕಡೆ ತಿರುಗಿ ಕೈ ಎತ್ತಿ ಕುಣಿಯುತ್ತಿದ್ದ. ಮೇಷ್ಟ್ರು ತಲೆಯೆತ್ತಿ ಬೆಂಚಿನ ಕಡೆ ನೋಡಿದರು. ಶಿವರತ್ನಮ್ಮನ ಕಣ್ಣು ಅವರ ಕಣ್ಣಿಗೆ ಸಿಕ್ಕಿತು. ಅವಳು ಬೇಡವೆಂದು ತಲೆಯಾಡಿಸಬಹುದಿತ್ತು. ಆಡಿಸಲಿಲ್ಲ. ವಸಂತಮ್ಮ ಹಿಡಿದುಕೊಂಡಿದ್ದ ಕೈ ಅವಳಿಗೆ ಸುಡುತ್ತಿತ್ತು. ಆ ಗಳಿಗೆಯಲ್ಲಿ ಹೊನ್ನಯ್ಯ ಸತ್ತರೂ ಆಗಬಹುದು ಅನ್ನಿಸಿತ್ತು.

“ಮಾದಪ್ಪನಾಣೆ, ಬಿಟ್ಟಿದ್ದೀನಿ,” ಅಂದರು ಗುರುಪಾದಸ್ವಾಮಿ. ದೊಡ್ಡ ದನಿಯಲ್ಲೇನೂ ಅಲ್ಲ. ಕಾಲೇಜಿನ ಹುಡುಗರಿಗೆ ಸಾಕು ಅನ್ನುತ್ತಿದ್ದ ದನಿಯಲ್ಲೇ.

ಚಿಕ್ಕಮಾದಪ್ಪ ಕೈ ಬಿಚ್ಚಿದ.

ಮೊದಲ ಏಟಿಗೇ ಹೊನ್ನಯ್ಯನ ದವಡೆ ಪಕ್ಕಕ್ಕೆ ಜರುಗಿತು. ಬಿದ್ದವನ ಎದೆಯ ಮೇಲೆ ಕೂತು ಚಿಕ್ಕಮಾದಪ್ಪ ಹೊಡೆದ. ದಿಮ್ಮಿಗೆ ಮೊಳೆ ಹೊಡೆಯುವ ಹಾಗೆ, ಒಂದೇ ಜಾಗಕ್ಕೆ, ಆತುರವಿಲ್ಲದೆ ಹೊಡೆದ. ಎಳೆಯಲು ಬಂದ ಇಬ್ಬರಲ್ಲಿ ಒಬ್ಬನ ಮೂಗು ಒಡೆಯಿತು, ಇನ್ನೊಬ್ಬ ತೋಳು ಹಿಡಿದುಕೊಂಡು ಹೊರಳಾಡಿದ. ಅಷ್ಟು ಹೊತ್ತಿಗೆ ಜನ ತಟ್ಟಿ ಕಿತ್ತಿದ್ದರು. ಬಿದಿರಿನ ಗಳುಗಳು ಕೈಗೆ ಬಂದವು. ಹನೂರಿನವರಾರು ಯಳಂದೂರಿನವರಾರು ಎಂದು ಯಾರೂ ನೋಡಲಿಲ್ಲ. ಟಿಕೆಟ್ ಮಾರುತ್ತಿದ್ದ ಮುದುಕನ ತಲೆಯೂ ಒಡೆಯಿತು. ಶಿವರತ್ನಮ್ಮ ಬೆಂಚಿನ ಕೆಳಗೆ ತೂರಿ ಮಗುವಿನ ಮೇಲೆ ಬೋರಲಾಗಿ ಮಲಗಿದಳು. ಮಗು ಅವಳ ಕತ್ತಿಗೆ ಮುಖವೊತ್ತಿ ಕಿರುಚುತ್ತಿತ್ತು. ಕಾಲುಗಳ ನಡುವಿನಿಂದ ಅವಳಿಗೆ ತನ್ನ ಗಂಡ ಕಾಣಿಸಿದರು. ಚಿಕ್ಕಮಾದಪ್ಪನ ಕುತ್ತಿಗೆಗೆ ಎರಡು ತೋಳೂ ಸುತ್ತಿ ಎಳೆಯುತ್ತಿದ್ದರು. ಸಾಕು, ಸಾಕು ಅನ್ನುತ್ತಿದ್ದರು. ಮಾದಪ್ಪನ ಆಣೆ ಹಾಕುತ್ತಿದ್ದರು. ಅವನು ತಿರುಗಿ ನೋಡದೆ ಬೀಸಿದ ಮೊಣಕೈ ಅವರ ಕಿವಿಗೆ ಬಿತ್ತು. ಅವರು ಗೋಣಿಚೀಲದ ಹಾಗೆ ಕುಸಿದರು. ಅವನು ಮತ್ತೆ ಹೊನ್ನಯ್ಯನ ಕಡೆ ತಿರುಗಿದ.

ಪೊಲೀಸರು ಬಂದಾಗ ಅವನು ಎದ್ದು ನಿಂತು, ಮತ್ತೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಕೋಳ ಹಾಕಲು ಅದೇ ಅನುಕೂಲವಾಯಿತು.

ಹೊನ್ನಯ್ಯ ಬದುಕಿದ. ಎಡಗಣ್ಣು ಹೋಯಿತು, ದವಡೆ ಮತ್ತೆ ಸರಿಯಾಗಿ ಕೂಡಲಿಲ್ಲ. ವೆಂಕಟಸ್ವಾಮಿಯ ಕಾಲು ಮೈಸೂರಿನ ಆಸ್ಪತ್ರೆಯಲ್ಲಿ ಗಿಡ್ಡವಾಗಿ ಕೂಡಿಕೊಂಡಿತು. ಗುಂಡಿಗಿಳಿದರೆ ಹಲಗೆ ಮುಟ್ಟುತ್ತಿತ್ತು, ಒತ್ತಲು ಬಲವಿರಲಿಲ್ಲ. ವಸಂತಮ್ಮ ಬಯ್ಯಲಿಲ್ಲ. ಶಿವರತ್ನಮ್ಮ ಹೋದಾಗ ತಿರುಗಿ ನೋಡದೆ ನೂಲು ಸುತ್ತುತ್ತಲೇ ಇದ್ದರು. ಮಗ ಗೋಡೆಗೊರಗಿ ಇನ್ನೊಂದು ರಾಟೆ ತಿರುಗಿಸುತ್ತಿದ್ದ. ಮಗ್ಗದ ಗುಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ಪಾತ್ರೆ ಜೋಡಿಸಿದ್ದರು.

ಸದಾಶಿವಪ್ಪ ತನಗೇನೂ ಗೊತ್ತಿಲ್ಲವೆಂದರು. ಲೀಗ್ ಅಲ್ಲಿಗೆ ನಿಂತಿತು. ಕೊಳ್ಳೇಗಾಲದ ಕೋರ್ಟಿನಲ್ಲಿ ಚಿಕ್ಕಮಾದಪ್ಪ, ಯಾರೂ ಹೇಳಿಕೊಡಲಿಲ್ಲ, ತಾನೇ ಹೊಡೆದೆ ಎಂದ. ಕಟಕಟೆಯಲ್ಲಿ ಸಾಕ್ಷಿಯಾಗಿ ನಿಂತ ಗುರುಪಾದಸ್ವಾಮಿ ಒಪ್ಪಲಿಲ್ಲ. ಏಟು ಬಿದ್ದ ಕಿವಿ ಅಷ್ಟರಲ್ಲಿ ಪೂರ್ತಿ ಕೆಪ್ಪಾಗಿತ್ತು. ಮ್ಯಾಜಿಸ್ಟ್ರೇಟರು ಕೇಳಿದ್ದನ್ನು ತಲೆ ಓರೆ ಮಾಡಿ ಕೇಳಿಸಿಕೊಂಡರು. ಹೊಡೆ ಎಂದು ನೀವು ಹೇಳಿದಿರಾ ಎಂಬುದು ಪ್ರಶ್ನೆ.

“ಹೊಡಿ ಅಂತ ಹೇಳಲಿಲ್ಲ ಸ್ವಾಮಿ. ಹೊಡೀಬೇಡ ಅಂದಿದ್ದನ್ನ ವಾಪಸ್ ತಗೊಂಡೆ.”

ಅಂಥ ತಪ್ಪಿಗೆ ಕಾನೂನಿನಲ್ಲಿ ಜಾಗವಿರಲಿಲ್ಲ. ವಕೀಲರು ನಕ್ಕರು. ಚಿಕ್ಕಮಾದಪ್ಪನಿಗೆ ಮೂರು ವರ್ಷ ಸಜೆಯಾಯಿತು. ಮೇಷ್ಟ್ರು ಮನೆಗೆ ಬಂದರು.

ಆಮೇಲೊಂದು ದಿನ ಅವರು ಹಣ್ಣು ಕಟ್ಟಿಕೊಂಡು ಯಳಂದೂರಿಗೆ ಹೊನ್ನಯ್ಯನ ಮನೆಗೆ ಹೋದರು. ಶಿವರತ್ನಮ್ಮನೂ ಹೋದಳು, ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ. ಜಗುಲಿ ಹತ್ತುವ ಮೊದಲೇ ಹೊನ್ನಯ್ಯನ ಅಣ್ಣ ಬಾರುಕೋಲು ತಂದ. ಬೆನ್ನಿಗೆ, ತೋಳಿಗೆ, ಮತ್ತೆ ಬೆನ್ನಿಗೆ ಬಾರಿಸಿದ. ಅಂಗಿ ಹರಿದು ಗೆರೆಗಳಲ್ಲಿ ರಕ್ತ ಜಿನುಗಿತು. ಗುರುಪಾದಸ್ವಾಮಿ ಕೈ ಅಡ್ಡ ತರಲಿಲ್ಲ. ಕೊನೆಗೆ ಒಳಗಿನಿಂದ ಹೊನ್ನಯ್ಯನೇ ಓರೆ ದವಡೆಯಲ್ಲಿ ಏನೋ ಅಂದ. ಬೇರೆಯವರಿಗೆ ಅರ್ಥವಾಗಲಿಲ್ಲ, ಅಣ್ಣ ಮಾತ್ರ ಕೋಲು ಇಳಿಸಿದ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರು ಸೀಟಿಗೆ ಒರಗದೆ ನೆಟ್ಟಗೆ ಕೂತಿದ್ದರು. ಆ ಹಣ್ಣು ಎಲ್ಲಿ ಬಿದ್ದುಹೋಯಿತೋ ಅವಳಿಗೆ ನೆನಪಿಲ್ಲ.

ಕಾಲೇಜಿನವರು ಅವರನ್ನು ಮತ್ತೆ ತೆಗೆದುಕೊಂಡರು. ಬೀರುವಿನಲ್ಲಿದ್ದ ಕಪ್ಪುಗಳಿಗೆ ಮರ್ಯಾದೆ ಅದು. ಬೆಳಗಿನ ಡ್ರಿಲ್ ಮಾಡಿಸುತ್ತಿದ್ದರು. ತಂಡವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೈದಾನದಲ್ಲಿ ಇಬ್ಬರು ಹುಡುಗರು ಹೊಡೆದಾಡಿದರೆ ಅವರ ಬಾಯಿಂದ ಸಾಕು ಎಂಬ ಮಾತು ಬರುತ್ತಿರಲಿಲ್ಲ. ನಡುವೆ ಹೋಗಿ ನಿಲ್ಲುತ್ತಿದ್ದರು. ಏಟು ಅವರಿಗೆ ಬೀಳುತ್ತಿತ್ತು. ಹುಡುಗರು ಗಾಬರಿಯಾಗಿ ನಿಲ್ಲಿಸುತ್ತಿದ್ದರು. ಮನೆಗೆ ಬಂದಾಗ ಶಿವರತ್ನಮ್ಮ ಅರಿಸಿನ ಹಚ್ಚುತ್ತ, ಇನ್ನೊಂದು ಕಿವಿಯನ್ನೂ ಕಳೆದುಕೊಳ್ಳುತ್ತೀರಿ ಎಂದು ಅಳುತ್ತಿದ್ದಳು.

ಮಗನಿಗೆ ಐದು ತುಂಬಿದ ವರ್ಷ, ಒಂದು ಬೆಳಿಗ್ಗೆ ಅವನು ಬಾಗಿಲಿಂದ ಓಡಿಬಂದು, ಯಾರೋ ದೊಡ್ಡ ಮನುಷ್ಯ ನಿಂತಿದ್ದಾನೆ ಅಂದ. ಹೊರಗೆ ಚಿಕ್ಕಮಾದಪ್ಪ. ತಲೆ ನರೆತಿತ್ತು. ಬಾಗಿಲ ಹೊರಗೇ ಕುಕ್ಕುರುಗಾಲಲ್ಲಿ ಕೂತಿದ್ದ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಶಿವರತ್ನಮ್ಮ ಮೊದಲು ಮಾಡಿದ್ದು ಮಗನನ್ನು ಹಿಂದಕ್ಕೆಳೆದುಕೊಂಡದ್ದು. ಚಿಕ್ಕಮಾದಪ್ಪ ಅದನ್ನು ನೋಡಿದ. ತಪ್ಪು ತಿಳಿಯಲಿಲ್ಲ.

ಜೈಲಿನಲ್ಲಿ ಇನ್ನೊಬ್ಬನ ಪಕ್ಕೆ ಮುರಿದು ಸಜೆ ಹೆಚ್ಚಿಸಿಕೊಂಡಿದ್ದನಂತೆ. ಈಗ ಲೊಕ್ಕನಹಳ್ಳಿಯಲ್ಲಿದ್ದಾನೆ. ಹೆಂಡತಿ ತವರು ಸೇರಿದ್ದವಳು ವಾಪಸ್ಸು ಬಂದಿದ್ದಾಳೆ, ಒಬ್ಬ ಮಗಳಿದ್ದಾಳೆ. ಮೊನ್ನೆ ಮಗಳು ಅಂಬಲಿ ಚೆಲ್ಲಿದಳಂತೆ. ಅಷ್ಟಕ್ಕೇ ಕೈ ಎದ್ದಿತಂತೆ. ಕೂಸು ಗೋಡೆಗೆ ಬಡಿದು ಬಿತ್ತಂತೆ. ಉಸಿರು ಬರಲು ಬಹಳ ಹೊತ್ತಾಯಿತಂತೆ. ಇಷ್ಟನ್ನೂ ನೆಲ ನೋಡಿಕೊಂಡೇ ಹೇಳಿದ.

“ಕಟ್ಟಿ ಸಾ,” ಅಂದ. “ಅವತ್ತು ಬಿಚ್ಚುದ್ರಲ್ಲ, ಅವತ್ತಿಂದ ಈ ಕೈ ನಂದಲ್ಲ.”

ಗುರುಪಾದಸ್ವಾಮಿ ಕೇಳಿಸುವ ಕಿವಿಯನ್ನು ಅವನ ಕಡೆಗೆ ತಿರುಗಿಸಿ ಕೂತಿದ್ದರು. ನನ್ನ ಮಾತಿಗೇನಪ್ಪ ಬೆಲೆ, ಬೆಟ್ಟಕ್ಕೇ ಹೋಗಿ ಅಲ್ಲಿಯವರ ಕೈಯಲ್ಲಿ ಕಟ್ಟಿಸಿಕೋ ಎಂದರು. ಅವನು ತಲೆಯಾಡಿಸಿದ. ಬಿಚ್ಚಿದವರೇ ಕಟ್ಟಬೇಕು. ಬೇರೆಯವರು ಕಟ್ಟಿದ್ದು ನಿಲ್ಲುವುದಿಲ್ಲ.

“ನಾನು ಮತ್ತೆ ಬಿಟ್ಟುಬಿಟ್ಟರೆ?”

“ಅದ್ಕೇ ಬಂದಿವ್ನಿ. ಈ ಸಲ ನೀವೂ ಧೂಳ್ತ ಇಡೀಬೇಕು. ನಾಳೀಕೆ ನಾನೇ ಬಂದು ಕಾಲ್ ಇಡ್ಕಂಡು ಅತ್ರೂವೆ, ನಿಮ್ಮ ಮಗ್ನ ನನ್ನೆದ್ರುಗೇ ಯಾರಾರು ಒಡೀತಾ ಇದ್ರೂವೆ, ಬುಡಂಗಿಲ್ಲ.”

ಮೇಷ್ಟ್ರು ಬಾಗಿಲ ಮರೆಯಲ್ಲಿ ನಿಂತಿದ್ದ ಮಗನನ್ನು ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು. ಅಂದು ಮೈದಾನದಲ್ಲಿ ನೋಡಿದ ಹಾಗೆಯೇ. ಮಗನ ಹೆಗಲ ಮೇಲಿದ್ದ ಕೈಯನ್ನು ಶಿವರತ್ನಮ್ಮ ನಿಧಾನವಾಗಿ ತೆಗೆದಳು. ಒಳಗೆ ಹೋದಳು. ತೊಟ್ಟಿಲನ್ನು ಎಂದೋ ಅಟ್ಟಕ್ಕೆ ಹಾಕಿದ್ದರು, ಕೆಂಪು ಗಂಟು ಅದರ ಕೋಲಿಗೆ ಕಟ್ಟಿದಂತೆಯೇ ಇತ್ತು. ಗಂಟು ಬಿಗಿದುಕೊಂಡಿತ್ತು. ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಹೊರಗೆ ಬಂದಾಗ ಇಬ್ಬರೂ ಎದುರುಬದುರು ಕೂತು ಅಂಗೈ ಒಡ್ಡಿದ್ದರು. ಚಿಕ್ಕಮಾದಪ್ಪನಿಗೆ ಹಾಕಲೆಂದು ಗಂಟನ್ನು ಗಂಡನಿಗೆ ಕೊಡುವ ಮೊದಲು, ಅವರ ಅಂಗೈಗೆ ಅವಳೇ ಧೂಳ್ತ ಹಾಕಿದಳು.